ಗರಿಯ ಗಿರಗಿಟ್ಟಲೆ ಅಟ್ಟದಲ್ಲಿ ಸಿಗುವುದಿಲ್ಲ

ಕಾಸರಗೋಡಿನಲ್ಲಿ ಇದ್ದುಕೊಂಡೇ ಕನ್ನಡದಲ್ಲಿ ಒಂದು ಚಿಕ್ಕ ಧಾರಾವಾಹಿ ಮಾಡಿದ್ದೇವೆ. ಆರು ಕಂತು. ಒಂದು ಮನೆ, ಮೂವರು ಮಕ್ಕಳು, ಅವರ ಆಟಿಕೆಗಳು. ಅಮ್ಮ ತೀರಿಹೋದ ಮೇಲೆ ಮನೆ ಖಾಲಿ ಮಾಡಲು ಬಂದ ಅಣ್ಣ ತಂಗಿ ಅಟ್ಟ ಹತ್ತುತ್ತಾರೆ, ಕಥೆ ಅಲ್ಲಿಂದ ಶುರು. ಮೂರನೆಯವನು, ಎಲ್ಲರಿಗಿಂತ ಚಿಕ್ಕವನು, ಎಂಟು ವರ್ಷಕ್ಕೇ ಹೋಗಿಬಿಟ್ಟಿದ್ದಾನೆ. ಬರೆದದ್ದು ನಾನು, ನಿರ್ದೇಶನವೂ ನನ್ನದೇ. ಇಂಥದ್ದನ್ನು ಮಾಡಬೇಕು ಅಂತಿರುವವರು ನನ್ನ ಹತ್ತಿರ ಮೊದಲು ಕೇಳುವುದು ಕ್ಯಾಮೆರಾ ಯಾವುದು, ದುಡ್ಡು ಎಲ್ಲಿಂದ ಅಂತ. ಕ್ಯಾಮೆರಾ ಮದುವೆ ವಿಡಿಯೋ ಮಾಡುವ ಗೆಳೆಯನದ್ದು. ದುಡ್ಡು ನಾವೇ ನಾಲ್ಕೈದು ಜನ ಕೈಯಿಂದ ಹಾಕಿದ್ದು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಆಟಿಕೆಯನ್ನು ಇಟ್ಟುಕೊಂಡು, ಸತ್ತವರ ಕಥೆಯನ್ನು ಹೇಗೆ ಹೇಳಿದೆವು ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಬರೆಯಲು ಕೂತಾಗ ಒಂದು ನಿಯಮ ಹಾಕಿಕೊಂಡೆ. ಯಾವ ಆಟಿಕೆಯನ್ನೂ ಸುಮ್ನೆ ಕೈಯಲ್ಲಿ ಹಿಡಿದು ಅಳುವ ದೃಶ್ಯ ಬೇಡ. ಆಟಿಕೆ ಕಂಡರೆ ಆಡಬೇಕು. ಎರಡನೆಯ ನಿಯಮ ಇದರಿಂದಲೇ ಬಂತು: ಆ ಆಟ ಒಬ್ಬರಿಂದ ಆಗುವಂಥದ್ದು ಆಗಿರಬಾರದು. ನಮ್ಮ ಕಡೆಯ ಆಟಗಳನ್ನು ನೋಡಿ, ಹೆಚ್ಚಿನವಕ್ಕೆ ಇಬ್ಬರಾದರೂ ಬೇಕೇ ಬೇಕು. ಅಡಿಕೆ ಹಾಳೆಯ ಮೇಲೆ ಒಬ್ಬರು ಕೂರಬೇಕು, ಒಬ್ಬರು ಎಳೆಯಬೇಕು. ಲಗೋರಿಗೆ ಜನ ಬೇಕು. ಚೆನ್ನೆಮಣೆಗೆ, ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆಗೆ, ಎದುರು ಒಬ್ಬರು ಕೂರಬೇಕು. ಎದುರು ಕೂರುವವರು ಇಲ್ಲ ಅಂತಾದಾಗ ಆಟಿಕೆ ಏನಾಗುತ್ತದೆ ಅನ್ನುವುದೇ ನನ್ನ ಕಥೆ. ಹೋದವನ ಬಗ್ಗೆ ಯಾರೂ ಉದ್ದುದ್ದ ಮಾತಾಡುವ ಅಗತ್ಯ ಬರಲಿಲ್ಲ. ಆಟ ಅರ್ಧಕ್ಕೆ ನಿಂತರೆ ನೋಡುವವರಿಗೆ ಗೊತ್ತಾಗುತ್ತದೆ, ಅಲ್ವಾ.

ಮೊದಲ ಕಂತಿಗೆ ಹಾಳೆಯನ್ನೇ ಇಟ್ಟುಕೊಂಡೆ. ಅಟ್ಟ ಹತ್ತುವ ಮೊದಲು, ತೋಟದ ಬದಿಯಲ್ಲಿ, ನಲವತ್ತು ದಾಟಿದ ತಂಗಿ ಅಣ್ಣನಿಗೆ ಹೇಳುತ್ತಾಳೆ, "ಅಣ್ಣ, ಒಂದು ಸಲ ಎಳಿ ನೋಡುವ." ಅವನು ಎಳೆಯುತ್ತಾನೆ. ಇದನ್ನು ತೆಗೆಯುವುದು ಅಷ್ಟು ಸುಲಭ ಅಲ್ಲ. ಒಣಗಿದ ಹಾಳೆ ದೊಡ್ಡವರ ಭಾರಕ್ಕೆ ಚಟ್ ಅಂತ ಸೀಳುತ್ತದೆ. ಮುರಕಲ್ಲಿನ ಅಂಗಳದಲ್ಲಿ ಎಳೆದರೆ ತಳ ಹರಿದುಹೋಗುತ್ತದೆ. ಹೊಸದಾಗಿ ಬಿದ್ದ ಹಾಳೆಯನ್ನು ರಾತ್ರಿ ನೀರಿನಲ್ಲಿ ಹಾಕಿಟ್ಟು, ಬೆಳಗ್ಗೆ ಎರಡನ್ನು ಒಂದರ ಮೇಲೊಂದು ಇಟ್ಟು, ತೋಟದೊಳಗೆ ಸೋಗೆ ಬಿದ್ದ ತಂಪು ನೆಲದಲ್ಲಿ ಎಳೆಸಿದೆವು. ಚೆನ್ನಾಗಿ ಜಾರಿತು. ಕ್ಯಾಮೆರಾವನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿಸಿದ್ದೆವು, ಇಡೀ ಸರಣಿಯಲ್ಲಿ ಆಟ ನಡೆಯುವಾಗೆಲ್ಲ ಅದೇ ಎತ್ತರ. ಹಾಗೆ ನೋಡಿದರೆ ದೊಡ್ಡವರ ಮುಖ ತುಂಬ ಮೇಲೆ ಇರುತ್ತದೆ, ಕೈ ಮಾತ್ರ ಹತ್ತಿರ ಕಾಣುತ್ತದೆ. ಚಿಕ್ಕಂದಿನಲ್ಲಿ ನಮಗೆ ದೊಡ್ಡವರು ಕಾಣಿಸುತ್ತಿದ್ದದ್ದೂ ಹಾಗೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಚೆನ್ನೆಮಣೆಯದ್ದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ತುಳುನಾಡಿನ ಮನೆಗಳಲ್ಲಿ ಚೆನ್ನೆಮಣೆಯನ್ನು ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಸುವುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಳೆ ಜೋರು, ಗದ್ದೆ ತೋಟದ ಕೆಲಸ ಇಲ್ಲ. ಆಟಿ ಮುಗಿದರೆ ಮಣೆ ಮತ್ತೆ ಮೇಲೆ. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು ಅಂತ ಹಿರಿಯರು ಹೇಳುತ್ತಾರೆ. ಅದಕ್ಕೆ ಕಾರಣ ಸಿರಿ ಪಾಡ್ದನ ಅನ್ನುವ ತುಳು ಹಾಡುಗತೆಯಲ್ಲಿದೆ. ಅಬ್ಬಗ ದಾರಗ ಅವಳಿ ಹೆಣ್ಣುಮಕ್ಕಳು. ಚೆನ್ನೆ ಆಡುವಾಗ ಜಗಳ ಬಂತು, ಒಬ್ಬಳು ಮಣೆಯಲ್ಲೇ ಇನ್ನೊಬ್ಬಳಿಗೆ ಹೊಡೆದಳು, ಪೆಟ್ಟು ತಿಂದವಳು ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ಒಂದು ಆಟಿಕೆ, ಇಬ್ಬರು ಮಕ್ಕಳು, ಒಂದು ಸಾವು. ಕುಟುಂಬದ ಕಥೆ ಬರೆಯುವವರಿಗೆ ನಮ್ಮ ಊರು ಇದನ್ನು ಎಷ್ಟೋ ಹಿಂದೆಯೇ ಕೊಟ್ಟಿದೆ. ಹೊರಗಿನ ಮಾದರಿ ಹುಡುಕಿಕೊಂಡು ಹೋಗಬೇಕಾದ್ದೇ ಇಲ್ಲ ಅಂತ ನನ್ನ ಅಭಿಪ್ರಾಯ.

ಹಾಗಾಗಿ ನನ್ನ ಕಥೆಯ ಮನೆಯಲ್ಲಿಯೂ ಅಜ್ಜಿ ಮೂವರನ್ನು ಒಟ್ಟಿಗೆ ಮಣೆಗೆ ಕೂರಲು ಬಿಡುವುದಿಲ್ಲ. ಅವರು ಅಜ್ಜಿಯ ಜೊತೆ ಆಡಬೇಕು, ಇಲ್ಲವೇ ನೆರೆಮನೆಯ ಚಿಕ್ಕಮ್ಮನ ಜೊತೆ. ಈಗ ಅಜ್ಜಿ ಇಲ್ಲ, ಅಮ್ಮ ಇಲ್ಲ, ಬೇಡ ಅನ್ನುವವರೇ ಇಲ್ಲ. ಅಣ್ಣ ತಂಗಿ ಮೊದಲ ಸಲ ಎದುರುಬದುರು ಕೂರುತ್ತಾರೆ. ಹಿರಿಯರಿಲ್ಲದ ಮನೆ ಅಂದರೆ ಏನು ಅಂತ ಆ ಕೂರುವುದರಲ್ಲೇ ಬರಬೇಕಿತ್ತು.

ಈಗ ಆಟದ ವಿಷಯ. ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಒಂದೊಂದಕ್ಕೆ ನಾಲ್ಕು ಕಾಯಿ, ಒಟ್ಟು 56. ನಾವು ಬಳಸಿದ್ದು ಕೆಂಪು ಮಂಜೊಟ್ಟಿ ಬೀಜ. ಆಟದಲ್ಲಿ ಬೇರೆಬೇರೆ ಕ್ರಮ ಉಂಟು, ನಾವು ತೆಗೆದುಕೊಂಡದ್ದು ಸರಳವಾದದ್ದು. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗುವುದು. ಕೈ ಖಾಲಿಯಾದರೆ ಅದರ ಮುಂದಿನ ಗುಳಿಯದ್ದನ್ನು ಎತ್ತುವುದು. ಆ ಮುಂದಿನದ್ದು ಖಾಲಿ ಇದ್ದರೆ, ಅದರ ಆಚೆಯ ಗುಳಿಯ ಕಾಯಿ ನಮ್ಮದು, ಅಲ್ಲಿಗೆ ಒಬ್ಬರ ಕೈ, ಅಂದರೆ ಸರದಿ, ಮುಗಿಯಿತು. ಹೀಗೆ ಆಡಿದರೆ ಮೊದಲ ಕೈಯಲ್ಲಿ ಎಲ್ಲಿಂದ ಶುರು ಮಾಡಿದರೂ ಒಂದೇ ಫಲ: ಏಳು ಸಲ ಕಾಯಿ ಎತ್ತಿ ಬಿಟ್ಟ ಮೇಲೆ ಖಾಲಿ ಗುಳಿ ಸಿಗುತ್ತದೆ, ಅದರಾಚೆ ಆರು ಕಾಯಿ ಇರುತ್ತದೆ. ಬೇಕಿದ್ದರೆ ನೆಲದಲ್ಲಿ ಗೆರೆ ಹಾಕಿ ಹುಣಸೆ ಬೀಜ ಇಟ್ಟು ನೋಡಿ. ಇದು ನನಗೆ ದೊಡ್ಡ ಉಪಕಾರವಾಯಿತು. ಚಿಕ್ಕಂದಿನಲ್ಲಿ ಸಾವಿರ ಸಲ ಆಡಿದವನಿಗೆ ಈ ಮೊದಲ ಕೈ ನೋಡದೇ ಬರುತ್ತದೆ. ಕಥೆಯಲ್ಲಿ ಅಣ್ಣ ಮಂಗಳೂರಿನಲ್ಲಿ ಕೆಲಸ ಮಾಡುವವನು, ಮಣೆ ಮುಟ್ಟಿ ಎಷ್ಟೋ ವರ್ಷ ಆಗಿದೆ, "ನನಗೆ ಎಂಥದ್ದೂ ನೆನಪಿಲ್ಲ ಮಾರಾಯ್ತಿ" ಅನ್ನುತ್ತಲೇ ಇದ್ದಾನೆ. ಹಾಗೆ ಹೇಳುತ್ತಾ ಹೇಳುತ್ತಾ ಅವನ ಕೈ ಕಾಯಿ ಬಿಡುತ್ತಾ ಹೋಗಿ, ಏಳನೆಯದಕ್ಕೆ ನಿಂತು, ಖಾಲಿ ಗುಳಿಯನ್ನು ಬೆರಳಿನಲ್ಲಿ ಒರೆಸಿ, ಆಚೆಯ ಆರು ಕಾಯಿಯನ್ನು ಬಾಚಿಕೊಳ್ಳುತ್ತದೆ. ತಂಗಿ ನೋಡುತ್ತಾಳೆ. ಅಷ್ಟೇ ದೃಶ್ಯ. ಒಂದೇ ಶಾಟ್, ನಡುವೆ ಕಟ್ ಇಲ್ಲ, ಹಿನ್ನೆಲೆಗೆ ಸಂಗೀತವೂ ಇಲ್ಲ, ಕಾಯಿ ಮರಕ್ಕೆ ಬೀಳುವ ಸದ್ದು ಮಾತ್ರ.

ಅಣ್ಣನ ಪಾತ್ರ ಮಾಡಿದವರು ಯಕ್ಷಗಾನದ ಅಭ್ಯಾಸ ಇದ್ದವರು, ಮಾತಿನಲ್ಲಿ ಗಟ್ಟಿ. ಅವರಿಗೆ ಸಂಭಾಷಣೆ ಕೊಡುವ ಮೊದಲು ಮಣೆಯನ್ನೇ ಮನೆಗೆ ಕೊಟ್ಟು ಕಳಿಸಿದೆ. ಕೈ ಪಳಗಿದ ಮೇಲೆ ಮಾತು ಕೊಟ್ಟೆ. ಆಟಿಕೆ ಇರುವ ಯಾವ ದೃಶ್ಯಕ್ಕೂ ಇದೇ ಕ್ರಮ ಒಳ್ಳೆಯದು. ಮೊದಲು ಕೈ, ಆಮೇಲೆ ಮಾತು. ಇನ್ನೊಂದು, ಚೆನ್ನೆ ಗೊತ್ತಿರುವವರು ನೋಡುತ್ತಾರೆ, ಅವರಿಗೆ ತಪ್ಪು ಎತ್ತಿದ್ದು ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಪ್ರತಿ ಶಾಟಿನ ಶುರುವಿನಲ್ಲಿ ಯಾವ ಗುಳಿಯಲ್ಲಿ ಎಷ್ಟು ಕಾಯಿ ಅಂತ ಪುಸ್ತಕದಲ್ಲಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿದ್ದೆವು. ಗೆದ್ದ ಕಾಯಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಯಾವಾಗಲೂ 56 ಬರಬೇಕು.

ನೆನಪಿನ ಬಗ್ಗೆ ಒಂದು ಮಾತು. ಮಣೆಯ ಒಂದು ಮೂಲೆ ಒಡೆದಿದೆ. ಅಣ್ಣ ಹೇಳುತ್ತಾನೆ ಬೀಳಿಸಿದ್ದು ನಾನು, ಅಮ್ಮನ ಪೆಟ್ಟು ತಿಂದದ್ದೂ ನಾನು ಅಂತ. ತಂಗಿ ಹೇಳುತ್ತಾಳೆ, "ಅಲ್ಲ ಅಣ್ಣ, ಪೆಟ್ಟು ಬಿದ್ದದ್ದು ನನಗೆ. ಇಲ್ಲಿ ನೋಡು, ಮೊಣಕೈಯಲ್ಲಿ ಗುರುತುಂಟು." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದು ಹೊಸದಾಗಿ ಕಟ್ಟಿದ ವಿಷಯವೂ ಅಲ್ಲ. ಶೀನ್, ಕೆಂಪ್ ಮತ್ತು ರೂಬಿನ್ ಅನ್ನುವ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವಳಿಗಳನ್ನು ಕೇಳಿದ್ದರು. ಚಿಕ್ಕಂದಿನ ಒಂದೇ ಘಟನೆಯನ್ನು ಇಬ್ಬರೂ ಇದು ನನಗೇ ಆದದ್ದು ಅಂತ ಹೇಳುವುದು ಅವಳಿಗಳಲ್ಲಿ ಸಾಕಷ್ಟು ಕಂಡಿತು. ಬೇರೆ ಒಡಹುಟ್ಟಿದವರಲ್ಲಿಯೂ ಇದು ಇದೆ, ಆದರೆ ಕಮ್ಮಿ. ಇದನ್ನು ಓದಿದಾಗ ನನಗೆ ಮತ್ತೆ ಅಬ್ಬಗ ದಾರಗರೇ ನೆನಪಾದರು.

ಹಾಗಾಗಿ ಮೂಲೆ ಒಡೆಯುವ ಬಾಲ್ಯದ ದೃಶ್ಯವನ್ನು ಎರಡು ಸಲ ತೆಗೆದೆವು. ಅಣ್ಣನ ನೆನಪಿನಲ್ಲಿ ಹುಡುಗ ಬೀಳಿಸುತ್ತಾನೆ, ತಂಗಿಯದ್ದರಲ್ಲಿ ಹುಡುಗಿ. ಅಂಗಿ, ಬೆಳಕು, ಅಮ್ಮ ಬರುವ ಬಾಗಿಲು ಎಲ್ಲ ಒಂದೇ. ಯಾವುದು ನಿಜ ಅಂತ ಎಲ್ಲಿಯೂ ಹೇಳಲಿಲ್ಲ. ಎರಡರಲ್ಲಿಯೂ ಚಿಕ್ಕವನು ಮೂಲೆಯಲ್ಲಿ ಕೂತು ನೋಡುತ್ತಾ ಇರುತ್ತಾನೆ. ನಿಜ ಗೊತ್ತಿದ್ದವನು ಅವನೊಬ್ಬನೇ. ಅವನನ್ನು ಈಗ ಕೇಳಲು ಆಗುವುದಿಲ್ಲ. ತಮ್ಮ ಹೋದದ್ದರಿಂದ ಮನೆಗೆ ಆದ ನಷ್ಟದಲ್ಲಿ ಇದೂ ಒಂದು ಅಂತ ನಾನು ನಂಬುತ್ತೇನೆ. ಮನೆಯಲ್ಲಿ ಒಬ್ಬರು ಹೋದರೆ ನಮ್ಮ ಬಾಲ್ಯಕ್ಕೆ ಸಾಕ್ಷಿಯೂ ಒಂದು ಕಮ್ಮಿ ಆಗುತ್ತದೆ.

ಚನ್ನಪಟ್ಟಣದ ಮರದ ಕಾರು ಮೂರನೆಯ ಕಂತಿನಲ್ಲಿ ಬರುತ್ತದೆ, ಮೈಸೂರು ಪ್ರವಾಸದಿಂದ ಮಾವ ತಂದದ್ದು ಅಂತ ಕಥೆ. ಹೊಸದನ್ನು ತಂದು ಹಳತು ಮಾಡಬೇಕಿತ್ತು. ಅದನ್ನು ಹಾಲೆ ಮರದಲ್ಲಿ ಮಾಡುತ್ತಾರೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಹಾಗಾಗಿ ಬಣ್ಣ ಪೇಂಟಿನ ಹಾಗೆ ಎದ್ದುಬರುವುದಿಲ್ಲ. ಇಡೀ ಕಾರನ್ನು ಮರಳುಕಾಗದದಲ್ಲಿ ಉಜ್ಜಿದರೆ ಹಳತಾಗಿ ಕಾಣುವುದಿಲ್ಲ, ಉಜ್ಜಿದ ಹಾಗೆಯೇ ಕಾಣುತ್ತದೆ. ಮಕ್ಕಳು ಗೋಡೆಗೆ ಗುದ್ದುವ ಮುಂಭಾಗ, ಚಕ್ರದ ಅಂಚು, ಹಿಡಿಯುವ ಬೆನ್ನು, ಇಷ್ಟಕ್ಕೆ ಮಾತ್ರ ಕೈ ಹಚ್ಚಿದೆವು.

ಇನ್ನು ಚಿಕ್ಕವನದ್ದು.

ಅಟ್ಟದಲ್ಲಿ ಅಣ್ಣನ ಬುಗುರಿ ಸಿಗುತ್ತದೆ, ತಂಗಿಯ ಬಟ್ಟೆ ಗೊಂಬೆ ಸಿಗುತ್ತದೆ, ಮಣೆ ಸಿಗುತ್ತದೆ. ಚಿಕ್ಕವನದ್ದು ಏನೂ ಸಿಗುವುದಿಲ್ಲ. ಅವನ ಆಟಿಕೆ ತೆಂಗಿನ ಗರಿಯದ್ದು. ಗಾಳಿಗೆ ತಿರುಗುವ ಗಿರಗಿಟ್ಟಲೆ, ವಾಚು, ಹಾವು, ಪೀಪಿ. ಎರಡು ದಿನಕ್ಕೆ ಬಾಡುತ್ತದೆ, ಮೂರನೆಯ ದಿನ ಮುರಿಯುತ್ತದೆ. ಹೋದವನ ವಸ್ತು ಒಂದಾದರೂ ಸಿಕ್ಕಿದ್ದರೆ ಅವರಿಬ್ಬರಿಗೂ ಹಿಡಿದುಕೊಳ್ಳಲು ಏನೋ ಇರುತ್ತಿತ್ತು. ಅದಿಲ್ಲದಿರುವುದೇ ನನಗೆ ಈ ಕಥೆಯನ್ನು ಬರೆಸಿದ್ದು. ಅಟ್ಟದಲ್ಲಿ ಹುಡುಕುತ್ತಾ ಹುಡುಕುತ್ತಾ ತಂಗಿ ಒಂದು ಕಡೆ ನಿಂತು, "ಅವನದ್ದು ಇಡುವಂಥದ್ದು ಎಂಥ ಇತ್ತು ಅಣ್ಣ?" ಅಂತ ಕೇಳುತ್ತಾಳೆ. ಅಣ್ಣನ ಹತ್ತಿರ ಉತ್ತರ ಇಲ್ಲ.

ಅವನು ಗಿರಗಿಟ್ಟಲೆಯನ್ನು ಹೆಲಿಕಾಪ್ಟರ್ ಅನ್ನುತ್ತಿದ್ದ. ಇದು ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರಿಗಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ದ ತನಕ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುತ್ತಿದ್ದರು. ತೋಟದ ಕೆಳಗೆ ಮನೆ, ಬಾವಿ, ತೋಡು, ಶಾಲೆ. ಎಣ್ಮಕಜೆಯ ಪಡ್ರೆ, ಸ್ವರ್ಗ ಅನ್ನುವ ಊರುಗಳಲ್ಲಿ ಮಕ್ಕಳು ಕಾಯಿಲೆ ಬಿದ್ದದ್ದು ಆಮೇಲೆ ಪೇಪರಿನಲ್ಲಿ ಎಲ್ಲರಿಗೂ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಆದರೆ ಹೆಲಿಕಾಪ್ಟರ್ ಬರುವಾಗ ಮಕ್ಕಳು ಏನು ಮಾಡುತ್ತಿದ್ದರು? ನೋಡಲು ಓಡುತ್ತಿದ್ದರು. ಕೈ ಬೀಸುತ್ತಿದ್ದರು. ಅಷ್ಟು ಹತ್ತಿರದಲ್ಲಿ ಹೆಲಿಕಾಪ್ಟರ್ ನೋಡುವ ಭಾಗ್ಯ ಬೇರೆ ಯಾವ ಹಳ್ಳಿಯ ಮಕ್ಕಳಿಗಿತ್ತು.

ಚಿಕ್ಕವನಿಗೆ ಏನಾಗಿತ್ತು ಅಂತ ಸರಣಿಯಲ್ಲಿ ಯಾರೂ ಹೇಳುವುದಿಲ್ಲ. ಆಗ ಅಂಥ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಪಾತ್ರಗಳಿಗೂ ಗೊತ್ತಿಲ್ಲ. ಡಾಕ್ಟರ್ ಬಂದು ವಿವರಿಸುವ ದೃಶ್ಯ ಹಾಕಿ ಅಂತ ನಮ್ಮವರೇ ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಮಕ್ಕಳ ಕಣ್ಣಿನಿಂದ ಹೇಳುವ ಕಥೆಯಲ್ಲಿ ಹೆಲಿಕಾಪ್ಟರ್ ಆಟಿಕೆಯೇ ಆಗಿರಬೇಕು. ನೋಡುವವರು ಉಳಿದದ್ದನ್ನು ತಿಳಿದುಕೊಳ್ಳುತ್ತಾರೆ. ಆದರೆ ಸ್ಕ್ರಿಪ್ಟನ್ನು ಅಂಥ ಮಕ್ಕಳನ್ನು ಸಾಕಿದವರಿಗೆ ಓದಿ ಹೇಳದೆ ಶೂಟಿಂಗ್ ಮಾಡಲಿಲ್ಲ. ಒಬ್ಬರು ಅಮ್ಮ ಕೊನೆಯ ತನಕ ಕೇಳಿ, "ಮಲಗಿದ ಮಗು ಯಾವಾಗಲೂ ಅಳುತ್ತಾ ಇರುವುದಿಲ್ಲ. ನಮ್ಮವನು ನಗುತ್ತಿದ್ದ. ಅದನ್ನೂ ಹಾಕಿ" ಅಂದರು. ಹಾಕಿದೆ. ಮಂಚದಲ್ಲಿ ಮಲಗಿದವನ ಎದುರು ಅಣ್ಣ ಗಿರಗಿಟ್ಟಲೆ ಎತ್ತಿ ಹಿಡಿದು ಜಗಲಿಯ ಆ ತುದಿಯಿಂದ ಈ ತುದಿಗೆ ಓಡುತ್ತಾನೆ. ಓಡಲು ಒಬ್ಬರು ಬೇಕು, ನೋಡಿ ನಗಲು ಒಬ್ಬರು ಬೇಕು. ನನ್ನ ಎರಡನೆಯ ನಿಯಮಕ್ಕೆ ಇದಕ್ಕಿಂತ ಸರಿಯಾದ ಆಟ ಬೇರೆ ಸಿಗಲಿಲ್ಲ.

ಸಾವನ್ನು ತೋರಿಸಲಿಲ್ಲ. ಮೊದಲೇ ತಂಗಿ ದಿನಾ ಬೆಳಗ್ಗೆ ಹೊಸ ಗರಿ ತರುವುದನ್ನು ತೋರಿಸಿದ್ದೇವೆ, ಹಿಂದಿನ ದಿನದ್ದು ಬಾಡಿರುತ್ತದೆ ಅಂತ. ಒಂದು ಬೆಳಗ್ಗೆ ಅವಳು ಅಭ್ಯಾಸದಲ್ಲಿ ಗರಿ ತಂದು ಜಗಲಿಗೆ ಬರುತ್ತಾಳೆ. ಅಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಕತ್ತಿಯಲ್ಲಿ ಎಲೆ ಸೀಳಿ ಬದಿಗೆ ಹಾಕಿ, ಕಡ್ಡಿಯನ್ನು ಹಿಡಿಸೂಡಿಯ (ಪೊರಕೆಯ) ರಾಶಿಗೆ ಸೇರಿಸುತ್ತಾಳೆ. ಅಮ್ಮನ ಪಾತ್ರ ಮಾಡಿದವರಿಗೆ ಹಿಡಿಸೂಡಿ ಕಟ್ಟುವುದು ದಿನದ ಕೆಲಸ, ಅವರು ಅದನ್ನು ನಾನು ಹೇಳಿದ್ದಕ್ಕಿಂತ ನಿಧಾನವಾಗಿ, ಒಂದೊಂದೇ ಗರಿ ಸೀಳುತ್ತಾ ಮಾಡಿದರು. ಹಾಗೇ ಇಟ್ಟುಕೊಂಡೆ.

ಗರಿಯ ಆಟಿಕೆಯನ್ನು ಶೂಟಿಂಗಿನಲ್ಲಿ ಬಳಸುವವರಿಗೆ ಒಂದು ಎಚ್ಚರಿಕೆ. ಬೆಳಗ್ಗೆ ಹಸಿರಿದ್ದದ್ದು ಲೈಟಿನ ಬಿಸಿಗೆ ಮಧ್ಯಾಹ್ನಕ್ಕೆ ಮುದುಡುತ್ತದೆ, ಎರಡು ಶಾಟಿನ ನಡುವೆ ಬಣ್ಣ ಬೇರೆ ಕಾಣುತ್ತದೆ. ತೀರ ಎಳೆಯ ಗರಿ ಬೇಡ, ಗಾಳಿಗೆ ತಿರುಗುವುದಿಲ್ಲ. ಬಲಿತ ಹಸಿರು ಗರಿಯಲ್ಲಿ ಒಂದೇ ಅಳತೆಗೆ ಬೇಕಾದಷ್ಟು ಮಾಡಿ, ಒದ್ದೆ ಬೈರಾಸಿನಲ್ಲಿ ಸುತ್ತಿ ನೆರಳಿನಲ್ಲಿಟ್ಟು, ಒಂದೊಂದೇ ತೆಗೆದು ಕೊಟ್ಟೆವು.

ಮಕ್ಕಳನ್ನು ಹಾಕಿಕೊಂಡು ಮಾಡುವವರು ಕಾನೂನು ತಿಳಿದಿರಬೇಕು, ಚಿಕ್ಕ ತಂಡ ಅಂತ ಬಿಡುವಂಥದ್ದಲ್ಲ. 14 ವರ್ಷದ ಒಳಗಿನ ಮಕ್ಕಳು ನಟಿಸುವುದಾದರೆ 2017ರ ನಿಯಮದ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ನಮಗೆ ಅಂದರೆ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವು ಕೊಡದೆ 3 ಗಂಟೆ ಮೀರುವ ಹಾಗಿಲ್ಲ, ಶಾಲೆ ತಪ್ಪಬಾರದು, ಸಂಪಾದನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿಗೆ ಇಷ್ಟ ಇಲ್ಲದ್ದನ್ನು ಮಾಡಿಸಬಾರದು ಅಂತಲೂ ಇದೆ. ಈ ಕೊನೆಯದ್ದು ನನಗೆ ಮುಖ್ಯವಾಗಿತ್ತು. ಮಲಗಿದ ಮಗುವಿನ ಪಾತ್ರ ಮಾಡಿದ ಹುಡುಗನಿಗೆ ಸಾಯುವುದರ ಬಗ್ಗೆ ನಾವು ಏನೂ ಹೇಳಿರಲಿಲ್ಲ. ಅವನ ಕೆಲಸ ಅಣ್ಣ ಓಡುವುದನ್ನು ನೋಡಿ ನಗುವುದು. ಅವನು ನಿಜವಾಗಿ ನಕ್ಕ.

ಮಳೆಗಾಲದ ದೃಶ್ಯ ತುಂಬ ಇದೆ, ಆದರೆ ಮಳೆಗಾಲದಲ್ಲಿ ತೆಗೆದದ್ದು ಕಮ್ಮಿ. ಹಂಚಿನ ಮಾಡಿಗೆ ಆಟಿಯ ಮಳೆ ಹೊಡೆದರೆ ಎದುರು ಕೂತವರ ಮಾತೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಮಾಡಿನ ಅಂಚಿಗೆ ಪೈಪ್ ಕಟ್ಟಿ ನೀರು ಬಿಟ್ಟು ಮಾತು ರೆಕಾರ್ಡ್ ಮಾಡಿದೆವು. ಮಳೆಯ ಸದ್ದನ್ನು ಅದೇ ಮನೆಯಲ್ಲಿ ಆಟಿಯಲ್ಲೇ ಬೇರೆ ಹಿಡಿದಿಟ್ಟಿದ್ದೆವು.

ಭಾಷೆಯದ್ದು ದೊಡ್ಡ ಚರ್ಚೆ ಆಯಿತು. ಟಿವಿಯ ಧಾರಾವಾಹಿಗಳ ಬೆಂಗಳೂರು ಕನ್ನಡದಲ್ಲಿ ನಮ್ಮ ಮನೆಯ ಅಮ್ಮ ಮಾತಾಡಿದರೆ ಅವಳು ನಮ್ಮ ಅಮ್ಮ ಆಗುವುದಿಲ್ಲ. ಅವರ ಮಾತು ಇಲ್ಲಿನದ್ದೇ, "ಹೋಗ್ಲಿಕ್ಕುಂಟು", "ಎಂಥ ಮಾಡುದು". ನೆರೆಯ ಚಿಕ್ಕಮ್ಮ ತುಳು, ಬಸ್ಸಿನಲ್ಲಿ ಮತ್ತು ಆಫೀಸಿನಲ್ಲಿ ಮಲಯಾಳ. ಇಲ್ಲಿ ಒಂದು ಮನೆ ದಿನಕ್ಕೆ ಮೂರು ಭಾಷೆ ದಾಟುತ್ತದೆ, ಅದನ್ನು ಸವರಿ ಒಂದೇ ಮಾಡಲು ನನಗೆ ಮನಸ್ಸಿರಲಿಲ್ಲ. ಕೆಳಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಕ್ಷರ ಹಾಕಿದೆವು. 1956ರಿಂದ ಕೇರಳದಲ್ಲಿ ಇದ್ದೇವೆ. ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದು ಬೇರೆ ಭಾಷೆಯಲ್ಲಿ. ಅವರೂ ನೋಡಬೇಕು.

ಕೊನೆಯ ಕಂತಿನಲ್ಲಿ ಚೆನ್ನೆ ಆಟ ಪೂರ್ತಿ ನಡೆಯುತ್ತದೆ. ಬರೆದ ಪ್ರಕಾರ ಅಣ್ಣ ಗೆಲ್ಲಬೇಕು, ಗೆದ್ದು ಮಣೆಯನ್ನು ತಂಗಿಗೆ ಕೊಡಬೇಕು. ಮೊದಲ ಕೈ ಆದ ಮೇಲೆ ಇಬ್ಬರಿಗೂ ಇಷ್ಟ ಬಂದ ಹಾಗೆ ಆಡಿ ಅಂತ ಹೇಳಿ ಕ್ಯಾಮೆರಾ ಬಿಟ್ಟೆವು. ತಂಗಿಯ ಪಾತ್ರದವರು ಸರಿಯಾಗಿ ಆಡಿದರು, ಗೆದ್ದರು. ಅಣ್ಣ ಸೋತು, "ಇನ್ನೊಂದು ಆಟ ಆಡುವ" ಅಂದರು. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಮನೆ ಮಾರುವ ಕಾಗದಕ್ಕೆ ಸಹಿ ಹಾಕಲು ಗಾಡಿ ಬಂದು ನಿಂತಿರುವ ಹೊತ್ತಿನಲ್ಲಿ ಆ ಮಾತು ನಾನು ಬರೆದದ್ದಕ್ಕಿಂತ ಎಷ್ಟೋ ಸರಿ ಇತ್ತು. ಮಣೆ ಕೊಡುವ ದೃಶ್ಯವನ್ನು ತೆಗೆದುಹಾಕಿ, ಅಲ್ಲೇ ಜಗಲಿಯಲ್ಲಿ ಕೂತು ಮುಂದಿನ ಎರಡು ಪುಟ ಹೊಸದಾಗಿ ಬರೆದೆ. ಈಗ ನೀವು ನೋಡುವ ಕಂತಿನಲ್ಲಿ ಗಾಡಿಯವನು ಹೊರಗೆ ಹಾರ್ನ್ ಹೊಡೆಯುತ್ತಾನೆ, ತಂಗಿ "ಸ್ವಲ್ಪ ನಿಲ್ಲಿ" ಅಂತ ಮಲಯಾಳದಲ್ಲಿ ಕೂಗಿ ಹೇಳಿ, ಮತ್ತೆ ನಾಲ್ಕು ನಾಲ್ಕು ಕಾಯಿ ತುಂಬಿಸಲು ಶುರು ಮಾಡುತ್ತಾಳೆ.